ಕಂಟ್ರಾಕ್ಟರರ ಜಾಲತಾಣ

ಮನೆ ಕಟ್ಟಿಸಿದವರಿಗೆ ಕಂಟ್ರಾಕ್ಟರರ ವಿಷಯದಲ್ಲಿ ಹೇಳುವುದಕ್ಕೆ ಏನಾದರೊಂದು ಇದ್ದೇ ಇರುತ್ತದೆ. ಅದು ಸಾಮಾನ್ಯವಾಗಿ ಹೊಗಳಿಕೆಯಲ್ಲ. ನಾನು ಮನೆ ಕಟ್ಟಿಸಿದವಳಲ್ಲ. ಆದರೆ 2023ನೆಯ ಇಸವಿಯಲ್ಲಿ, ಮೈಸೂರಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗದ ಕಡೆಯ ವರ್ಷದಲ್ಲಿದ್ದಾಗ, ನಾವು ನಾಲ್ವರು ಸಹಪಾಠಿಗಳು ಸೇರಿ ಒಬ್ಬ ಸಣ್ಣ ಕಂಟ್ರಾಕ್ಟರರ ಜಾಲತಾಣವನ್ನು ಹೊಸದಾಗಿ ರೂಪಿಸಿಕೊಟ್ಟೆವು. ನಮಗೆ ಬೇಕಾಗಿದ್ದುದು ಅಂಕಗಳು; ಅವರಿಗೆ ಬೇಕಾಗಿದ್ದುದು ಮುಂದಿನ ಮಳೆಗಾಲಕ್ಕೆ ಮುನ್ನ ಕೈಗೊಂದು ಕೆಲಸ.

ಯಜಮಾನರು ಕರಣೆ ಹಿಡಿದು ಮೇಸ್ತ್ರಿಯಾಗಿ, ಆಮೇಲೆ ಕಂಟ್ರಾಕ್ಟರಾದವರು. ವರ್ಷಕ್ಕೆ ಮೂರೋ ನಾಲ್ಕೋ ಮನೆ ಕಟ್ಟುವವರು. ಅವರ ಹಳೆಯ ತಾಣವನ್ನು ಯಾರೋ ಒಬ್ಬ ಮಹಾಶಯನು ಹಣ ಪಡೆದು ಮಾಡಿಕೊಟ್ಟು ಕಣ್ಮರೆಯಾಗಿದ್ದನು. ಅದನ್ನು ತೆರೆದೊಡನೆ ಕಾಣುತ್ತಿದ್ದುದು ಒಂದು ಭವ್ಯವಾದ ಸೌಧ. ಅದರ ಇಳಿಜಾರು ಮಾಡಿನ ಮೇಲೆ ಮೊಣಕಾಲುದ್ದ ಹಿಮ! ಬೋಗಾದಿಯ ಬಿಸಿಲಿನಲ್ಲಿ ಪಾಯ ತೋಡಿಸುವವರಿಗೂ ಆ ಹಿಮಕ್ಕೂ ಏನು ಸಂಬಂಧವೆಂದು ಇಷ್ಟು ವರ್ಷ ಯಾರೂ ಕೇಳಿದಂತೆ ಕಾಣಲಿಲ್ಲ.

ಕನ್ನಡದ ಪುಟದ ಅವಸ್ಥೆ ಇನ್ನೂ ಶೋಚನೀಯವಾಗಿತ್ತು. ಹಳೆಯ ಕನ್ನಡ ತಂತ್ರಾಂಶಗಳಲ್ಲಿ, ರೋಮನ್ ಲಿಪಿಗೆ ಮೀಸಲಾದ ಸಂಕೇತಗಳ ಮೇಲೆಯೇ ನಮ್ಮ ಅಕ್ಷರಗಳ ಆಕಾರವನ್ನು ಹೊದಿಸುವ ಪದ್ಧತಿಯಿತ್ತು. ಆ ಅಕ್ಷರಶೈಲಿಯಿಲ್ಲದ ಫೋನಿನಲ್ಲಿ ಹೊದಿಕೆ ಕಳಚಿ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಮಾತ್ರ ಉಳಿಯುವುದು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿದ್ದರೂ, ಆ ಮಹಾಶಯನಿಗೆ ಸುದ್ದಿ ಮುಟ್ಟಿರಲಿಲ್ಲ. ಇದನ್ನೆಲ್ಲ ನಾವು ಮತ್ತೆ ಕೈಯಾರೆ ಅಚ್ಚುಮಾಡಿದೆವು. ಎರಡು ರಾತ್ರಿಯ ಕೆಲಸ. ಅದರ ಮಾತು ಸಾಕು.

ಕಷ್ಟ ಬಂದುದು ಹಿಮದ ಮನೆಯ ವಿಷಯದಲ್ಲಿ. ಅದನ್ನು ತೆಗೆಯಬೇಕೆಂದು ನಾನು. ಇರಲಿ, ಅಂಥ ಚಿತ್ರವಿಲ್ಲದಿದ್ದರೆ ಗಿರಾಕಿ ನಿಲ್ಲುವನೇ ಎಂದು ನಮ್ಮಲ್ಲೇ ಒಬ್ಬನು. ಯಜಮಾನರು ಅವನ ಪಕ್ಷ. “ನೋಡಮ್ಮ, ನಾನು ಕಟ್ಟಿರೋದು ಮೂವತ್ತು-ನಲವತ್ತರ ಸೈಟಿನ ಮನೆಗಳು. ಅದನ್ನ ಯಾರು ನೋಡ್ತಾರೆ?” ಎಂದರು. ಆ ದನಿಯಲ್ಲಿ ಹಟವಿರಲಿಲ್ಲ, ಸಂಕೋಚವಿತ್ತು. ನನಗೆ ಉತ್ತರ ಹೊಳೆಯಲಿಲ್ಲ. ಕಾಫಿ ತಂದ ಅವರ ಮನೆಯಾಕೆ ಲೋಟಗಳನ್ನಿಡುತ್ತಾ, “ನಾಳೆ ಬಂದೋರು ಈ ಮನೆ ತೋರಿಸಿ ಅಂದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?” ಎಂದು ಕೇಳಿದರು. ಅಲ್ಲಿಗೆ ಚರ್ಚೆ ಮುಗಿಯಿತು.

ಆಕೆಯೇ ಒಳಗಿನಿಂದ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದರು. ಒಂದೊಂದು ಮನೆಗೂ ಒಂದೊಂದು ಪುಟ: ಎಷ್ಟು ಚದರ, ಎಷ್ಟು ಮೂಟೆ ಸಿಮೆಂಟು, ಛಾವಣಿ ಹಾಕಿದ ದಿನ, ನೀರುಣಿಸಿದ ದಿನಗಳು. ಛಾವಣಿಯ ಕಾಂಕ್ರೀಟನ್ನು ಏಳು ದಿನವಾದರೂ ಒದ್ದೆಯಾಗಿಟ್ಟಿರಬೇಕು. ಬಿಸಿಲು ಬಲವಾಗಿದ್ದರೆ, ಇಲ್ಲವೆ ಮಿಶ್ರ ಸಿಮೆಂಟಾದರೆ, ಹತ್ತು ದಿನ. ಆ ಪುಸ್ತಕದಲ್ಲಿ ಹತ್ತಕ್ಕೆ ಕಡಮೆಯಾದ ಒಂದು ಪುಟವನ್ನೂ ನಾನು ಕಾಣಲಿಲ್ಲ. ನೂರು ಚದರಡಿಗೆ ಒಂದು ಚದರವೆಂಬ ಲೆಕ್ಕ ಗೃಹಸ್ಥರಿಗೆ ಗೊತ್ತೇ ಇದೆ. ಆದರೆ ಆ ಚದರದ ದರದೊಳಗೆ ನೀರಿನ ಸಂಪು, ಕಾಂಪೌಂಡು ಗೋಡೆ ಸೇರುವುವೋ ಇಲ್ಲವೋ ಎಂಬಲ್ಲಿಯೇ ಜಗಳಗಳು ಹುಟ್ಟುವುದು. ಅವರು ಅದನ್ನೂ ಬೇರೆ ಬೇರೆಯಾಗಿ ಬರೆದಿಟ್ಟಿದ್ದರು. ಎಂಥ ಚಿತ್ರಕಾರನೂ ಕೊಡಲಾರದ ಸಾಮಗ್ರಿ ಅದು. ದರದಲ್ಲಿ ಏನು ಸೇರಿದೆ, ಏನು ಸೇರಿಲ್ಲವೆಂಬ ಪಟ್ಟಿಯನ್ನು ಹಾಗೆಯೇ ತಾಣಕ್ಕೆ ಏರಿಸಿದೆವು.

ಅನಂತರ ಎರಡು ಭಾನುವಾರ ಅವರ ಟೆಂಪೋದಲ್ಲಿ ಕುಳಿತು, ಅವರು ಕಟ್ಟಿದ ಮನೆಗಳನ್ನು ನೋಡಿಬಂದೆವು. ಮನೆಯವರ ಅನುಮತಿ ಪಡೆದು ಮೆಟ್ಟಿಲು, ಸಜ್ಜ, ಅಡುಗೆಮನೆಯ ಕಟ್ಟೆ ಇವುಗಳ ಛಾಯಾಚಿತ್ರ ತೆಗೆದೆವು. ಒಬ್ಬ ವೃದ್ಧರು ನಮ್ಮನ್ನು ಮಹಡಿಗೆ ಕರೆದೊಯ್ದು, ಮಳೆನೀರು ಒಂದು ಮೂಲೆಯಲ್ಲಿಯೂ ನಿಲ್ಲದೆ ಕೊಳವೆಗೆ ಹರಿಯುವ ಇಳುಕಲನ್ನು ಒಂದು ಚೊಂಬು ನೀರು ಚೆಲ್ಲಿ ತೋರಿಸಿದರು. ಯಜಮಾನರು ಬೇರೆಲ್ಲೋ ನೋಡುತ್ತಿದ್ದಂತೆ ನಟಿಸುತ್ತಾ ನಿಂತಿದ್ದರು. ಫೋನಿನಲ್ಲಿ ತೆಗೆದ ಆ ಚಿತ್ರಗಳು ಒಂದೊಂದೂ ನಾಲ್ಕೈದು ಮೆಗಾಬೈಟಿನಷ್ಟು ಭಾರ. ಕುಗ್ಗಿಸಿ ಒಂದೊಂದನ್ನೂ ಇನ್ನೂರು ಕಿಲೋಬೈಟಿನೊಳಗೆ ತಂದೆವು. ಫೋನಿನ ಸಂಖ್ಯೆಯನ್ನು ಎಲ್ಲಕ್ಕೂ ಮೇಲೆ, ಬೆರಳಿಟ್ಟೊಡನೆ ಕರೆಹೋಗುವಂತೆ ಇಟ್ಟೆವು.

ಪರೀಕ್ಷಕರಲ್ಲೊಬ್ಬರು, “ಇದರಲ್ಲಿ ಚಲಿಸುವಂಥದು ಏನೂ ಇಲ್ಲವಲ್ಲ?” ಎಂದು ಕೇಳಿದರು. ನೀರು ಚಲಿಸುತ್ತದೆ ಸಾರ್, ಎಂದು ನಮ್ಮ ಸ್ನೇಹಿತನು, ಹಿಮದ ಮನೆಯ ಪಕ್ಷದವನೇ, ಆ ಮಹಡಿಯ ಚಿತ್ರವನ್ನು ತೋರಿಸಿದನು. ಅಂಕಗಳು ಸಾಧಾರಣವಾಗಿ ಬಂದುವು.

ಒಂದು ತೊಡಕು ಉಳಿದಿತ್ತು. ತಾಣದ ಹೆಸರನ್ನು ಆ ಹಳೆಯ ಮಹಾಶಯನು ತನ್ನ ಖಾತೆಯಲ್ಲಿಯೇ ನೋಂದಾಯಿಸಿಕೊಂಡಿದ್ದನು. ವರ್ಷವರ್ಷವೂ ಹಣ ಕಟ್ಟಿದವರು ಇವರು. ಹಿಡಿತ ಮಾತ್ರ ಅವನದು. ಎಷ್ಟು ಬರೆದರೂ ಉತ್ತರ ಬಾರದಿರಲು, ಹೊಸದೊಂದು ಹೆಸರನ್ನು ಯಜಮಾನರ ಖಾತೆಯಲ್ಲಿಯೇ ಕೊಂಡೆವು. ಅದರ ಗುಪ್ತಪದವನ್ನು ಮನೆಯಾಕೆ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡರು. ಹಾಗೆ ಬರೆಯಬಾರದೆಂದು ಶಾಸ್ತ್ರ. ಆ ಪುಸ್ತಕ ಅವರ ಕೈತಪ್ಪುವುದುಂಟೆ?

ಹೆಸರನ್ನು ಆರಿಸುವಾಗ ನಾವು ಉದ್ದುದ್ದನೆಯ ಸೊಗಸಾದ ಪದಗಳನ್ನು ಸೂಚಿಸಿದೆವು. ಯಜಮಾನರು ಒಂದನ್ನೂ ಒಪ್ಪಲಿಲ್ಲ. ಟೆಂಪೋದ ಹಿಂದೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಸಬೇಕಾಗಿತ್ತು, ಬಣ್ಣದವನು ಅಕ್ಷರಕ್ಕಿಷ್ಟೆಂದು ಹಣ ಕೇಳುತ್ತಿದ್ದನು.