ಪೆಲೆ ನಿಂತಿರುವ ಬೀದಿ

ಉಯ್ಯಂಬಳ್ಳಿಯಲ್ಲಿ ನೀವು ಬಸ್ಸು ಹತ್ತುವಾಗ ಕೊಯ್ಲಾದ ರಾಗಿ ಹೊಲದಲ್ಲಿ ಹುಡುಗರು ವಿಕೆಟ್ ನೆಡುತ್ತಿದ್ದರು. ಕನಕಪುರದಲ್ಲಿ ಬಸ್ಸು ಬದಲಿಸಿ, ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಹಸಿರು ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ದಾಟಿಕೊಂಡು ಈಗ ಹಲಸೂರಿನಲ್ಲಿ ಇಳಿದಿದ್ದೀರಿ. ಗೌತಮಪುರಕ್ಕೆ ದಾರಿ ಕೇಳಿದರೆ ಆಟೊದವರು "ಪೆಲೆ ಹತ್ರಾನಾ?" ಅನ್ನುತ್ತಾರೆ.

ಪೆಲೆ ಇದ್ದಾನೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ, ಅವರ ಸಾಲಿನಲ್ಲೇ ಬ್ರೆಜಿಲ್ಲಿನ ಈ ಫುಟ್‌ಬಾಲ್ ಆಟಗಾರನೂ ಪ್ರತಿಮೆಯಾಗಿದ್ದಾನೆ. ಯಾರನ್ನು ಯಾರ ಪಕ್ಕ ನಿಲ್ಲಿಸಬೇಕು ಎಂಬ ಇಲ್ಲಿನವರ ಲೆಕ್ಕಾಚಾರ ನನಗಂತೂ ಹಿಡಿಸಿತು. ಬೇರೆ ಕಡೆ ಒಂದು ಪ್ರತಿಮೆಗೇ ಊರು ಎರಡು ಗುಂಪಾಗುತ್ತದೆ. ಕ್ರಿಕೆಟ್ಟಿನ ಸಮುದ್ರದ ನಡುವೆ ಈ ಬಡಾವಣೆ ಒಂದು ದ್ವೀಪ.

ಓಣಿಗೆ ಕಾಲಿಡಿ. ಎರಡು ಕಡೆಯ ಮನೆಗಳು ಕೈಚಾಚಿದರೆ ಸಿಗುವಷ್ಟು ಹತ್ತಿರ. ಐದಾರು ಮಕ್ಕಳು, ಸಿಪ್ಪೆ ಎದ್ದ ಒಂದು ಚೆಂಡು. ಒಬ್ಬ ಪುಟ್ಟ ಚೆಂಡನ್ನು ಗೋಡೆಗೆ ತಟ್ಟಿ, ಎದುರಾಳಿಯ ಬೆನ್ನ ಹಿಂದೆ ತಾನೇ ಅದನ್ನು ಹಿಡಿದುಕೊಂಡ. ಅವನಿಗೆ ಗೋಡೆಯೂ ತಂಡದವನೇ. "ಗಾಡಿ ಗಾಡಿ!" ಕೂಗು ಬಿದ್ದದ್ದೇ ಎಲ್ಲರೂ ಗೋಡೆಗೆ ಅಂಟಿದರು. ಸ್ಕೂಟರ್ ಹೋಯಿತು, ಆಟ ನಿಂತಲ್ಲಿಂದಲೇ ಮತ್ತೆ ಶುರು. ಹೊಸಿಲಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ, ಉರುಳಿ ಬಂದ ಚೆಂಡನ್ನು ನೋಡದೆಯೇ ಕಾಲಲ್ಲಿ ತಡೆದು, ಒಳಪಾದದಿಂದ ವಾಪಸ್ ತಳ್ಳಿದರು. ಹೂವಿನ ಎಳೆ ಕೈಯಿಂದ ಜಾರಲಿಲ್ಲ.

ಟೀ ಅಂಗಡಿಯಲ್ಲಿ ತಮಿಳು, ಕನ್ನಡ ಒಂದೇ ವಾಕ್ಯದೊಳಗೆ ಓಡಾಡುತ್ತವೆ. ವಿಶ್ವಕಪ್ ಬಂದರೆ ಇಲ್ಲಿ ಬೀದಿಗೇ ಪರದೆ ಕಟ್ಟುತ್ತಾರೆ, ಬ್ರೆಜಿಲ್, ಅರ್ಜೆಂಟೀನ ಬಾವುಟಗಳು ಮನೆ ಮೇಲೇರುತ್ತವೆ. ಇವತ್ತಿನ ಮಾತು ಮಾತ್ರ ಕ್ಯುರಸಾವೊ ಎಂಬ ಕೆರಿಬಿಯನ್ ದ್ವೀಪದ್ದು. ಒಂದೂವರೆ ಲಕ್ಷದ ಆಸುಪಾಸು ಜನ, ನಮ್ಮ ಕನಕಪುರ ತಾಲೂಕಿನಷ್ಟೂ ಇಲ್ಲ. 2025ರ ನವೆಂಬರಿನಲ್ಲಿ ಜಮೈಕಾ ಎದುರು ಗೋಲಿಲ್ಲದೆ ಡ್ರಾ ಮಾಡಿಕೊಂಡು 2026ರ ವಿಶ್ವಕಪ್ಪಿಗೆ ಅರ್ಹತೆ ಗಳಿಸಿಬಿಟ್ಟರು.

"ನಾವು ನೂರನಲವತ್ತು ಕೋಟಿ ಇದೀವಿ ಸ್ವಾಮಿ, ಒಂದು ಸಲಾನೂ ಆಡಿಲ್ಲ," ಅನ್ನುತ್ತಾರೆ ಬೆಂಚಿನ ಮೇಲಿನ ಹಿರಿಯರು. ನೀವು ತಲೆಯಾಡಿಸುವಷ್ಟರಲ್ಲಿ ಅವರೇ ಮಾತು ತಿರುಗಿಸುತ್ತಾರೆ. ದಂಡು ಪ್ರದೇಶದ ಬಿಳಿ ಸೋಲ್ಜರುಗಳು ಬೂಟು ಹಾಕಿಕೊಂಡು ಆಡುತ್ತಿದ್ದದ್ದು, ನಮ್ಮವರು ನೋಡಿ ಕಲಿತು ಬರಿಗಾಲಲ್ಲಿ ಆಡಿದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಗೋಲು ತಂದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ದೇಶದ ಮೊದಲ ಗೋಲು ಅದೇ. ತಂಡದ ಬಹುಪಾಲು ಜನರ ಕಾಲಲ್ಲಿ ಬೂಟಿರಲಿಲ್ಲ. ಎರಡು ಪೆನಾಲ್ಟಿ ಕೈಬಿಟ್ಟು 2-1ರಲ್ಲಿ ಸೋತರು. ಅದೇ ತಂಡದ ಅಹ್ಮದ್ ಖಾನ್ ಕೂಡ ಈ ಊರಿನವರೇ. ಕರ್ನಾಟಕ ಇನ್ನೂ ಮೈಸೂರಾಗಿದ್ದಾಗ ನಮ್ಮ ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದು, ಆಮೇಲೆ 54 ವರ್ಷ ಬರಿಗೈ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ತಂದಿತು. ರಾಜ್ಯದ ಎಷ್ಟು ಮನೆಗಳಲ್ಲಿ ಅವತ್ತು ಟೀವಿ ಹಾಕಿದ್ದರೋ!

ಉಯ್ಯಂಬಳ್ಳಿ ಕಡೆ ಜಾಗಕ್ಕೇನೂ ಬರವಿಲ್ಲ. ಇಲ್ಲಿ ಜಾಗ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ: ಪಾಸ್ ಕೊಡುವ ಅಜ್ಜಿ, ಗೋಲಿನ ಇಸವಿ ಹೇಳುವ ತಾತ, ಕಿಟಕಿ ಗಾಜು ಒಡೆದರೂ ಚೆಂಡು ಕಿತ್ತುಕೊಳ್ಳದ ಪಕ್ಕದ ಮನೆಯವರು. ಮೈದಾನ ಇಲ್ಲದೆಯೂ ಒಂದು ಆಟ ಊರಲ್ಲಿ ಉಳಿದಿರುವುದು ಇವರಿಂದ.

ಲೋಟ ಇಟ್ಟು ಹೊರಡಲು ಏಳುತ್ತೀರಿ. ಗೋಡೆಗೆ ಚೆಂಡು ತಟ್ಟುತ್ತಿದ್ದ ಪುಟ್ಟ ಅಡ್ಡ ಬಂದು ನಿಂತಿದ್ದಾನೆ.

"ಅಣ್ಣಾ, ಗೋಲಿಗೆ ಒಬ್ರು ಕಮ್ಮಿ. ಬರ್ತೀರಾ?"

"ನಂಗೆ ಬರಲ್ಲಪ್ಪ."

"ಪರ್ವಾಗಿಲ್ಲ, ಚಪ್ಪಲಿ ಆದ್ರೂ ಕೊಡಿ. ಆ ಕಡೆ ಗೋಲ್‌ಪೋಸ್ಟೇ ಇಲ್ಲ."