ನರಗುಂದದ ಕೋಟೆಯ ಮೇಲೆ

ಹುಬ್ಬಳ್ಳಿಯಿಂದ ವಿಜಯಪುರದ ಹಾದಿ ಹಿಡಿದು ಬರುವವರಿಗೆ, ಎರೆಹೊಲಗಳ ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ನರಗುಂದದ ಗುಡ್ಡವು ಬಹು ದೂರದಿಂದಲೇ ಗೋಚರವಾಗುವದು. ಅದರ ನೆತ್ತಿಯ ಮೇಲಿನ ಪಾಳುಗೋಟೆಯನ್ನು ನೋಡಬೇಕೆಂದು ನಾವು ಮನೆಮಂದಿಯೆಲ್ಲ ಒಂದು ದಿನ ಬೆಳಗಿನ ತಂಪಿನಲ್ಲಿಯೇ ಮೇಲೇರಿದೆವು.

ಮೇಲೆ ನೋಡತಕ್ಕದ್ದು ಬಹಳವಿಲ್ಲ. ಮುರಿದ ಗೋಡೆಗಳು, ನೀರಿನ ಹೊಂಡಗಳು, ಹುಲ್ಲು, ಗಾಳಿ, ಇಷ್ಟೇ. 1674ರಲ್ಲಿ ಶಿವಾಜಿಯು ಕಟ್ಟಿಸಿದ ಈ ಕೋಟೆಯು 1785ರಲ್ಲಿ ಟೀಪುವಿನ ದಂಡಿಗೆ ತಿಂಗಳುಗಟ್ಟಲೆ ಎದುರಾಗಿ ನಿಂತಿತ್ತು. ಇಂತಹ ಕೋಟೆಯು 1858ರಲ್ಲಿ ಒಂದೆರಡು ದಿನಗಳಲ್ಲಿಯೇ ಬಿದ್ದುಹೋಯಿತು.

ಕಾರಣವನ್ನು ಕಲ್ಲಿನಲ್ಲಿ ಹುಡುಕಬಾರದು. ಅರಸನಾದ ಭಾಸ್ಕರರಾವ ಭಾವೆ, ಅಂದರೆ ಬಾಬಾಸಾಹೇಬನಿಗೆ ಗಂಡುಸಂತಾನವಿರಲಿಲ್ಲ. ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಹಾಕಿದ್ದ ಆ ವಿದ್ಯಾಭಿಮಾನಿಯು ದತ್ತಕಕ್ಕೆ ಅಪ್ಪಣೆ ಬೇಡಿದನು, ದೊರೆಯಲಿಲ್ಲ. ಮನೆಗೊಬ್ಬ ಮಗನನ್ನು ದತ್ತು ತಂದುಕೊಳ್ಳುವದು ನಮ್ಮಲ್ಲಿ ಗೃಹಕೃತ್ಯದ ಮಾತು. ಕಂಪನಿ ಸರಕಾರವು ಅದನ್ನು ರಾಜ್ಯಲಾಭದ ಲೆಕ್ಕಕ್ಕೆ ಹಚ್ಚಿತು.

1858ನೆಯ ಮೇ 29ರ ರಾತ್ರಿ, ಸುರೇಬಾನದಲ್ಲಿ ಇಳಿದುಕೊಂಡಿದ್ದ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನನ್ನು ಬಾಬಾಸಾಹೇಬನ ಕಡೆಯವರು ಕೊಂದು, ರುಂಡವನ್ನು ನರಗುಂದದ ಅಗಸಿಗೆ ತೂಗಹಾಕಿದರು. ನಡುರಾತ್ರಿ ಮೇಲೆಬಿದ್ದ ಈ ಕೆಲಸವನ್ನು ನಾನು ಹೊಗಳಲಾರೆ. ಆದರೆ ವಂಶವೇ ಅಳಿಯುವದೆಂಬ ಸಂಕಟವು ಮನುಷ್ಯನನ್ನು ಎಲ್ಲಿಗೆ ಒಯ್ಯುವದೆಂಬುದನ್ನು ಗೃಹಸ್ಥರು ಊಹಿಸಬಲ್ಲರು. ಜೂನ್ ಮೊದಲಲ್ಲಿ ಇಂಗ್ಲಿಷರ ದಂಡು ಬಂತು. ಕೋಟೆಯು ಬರಿದಾಗಿತ್ತು. ಓಡಿಹೋದ ಬಾಬಾಸಾಹೇಬನನ್ನು ತೊರಗಲ್ಲಿನ ಅಡವಿಯಲ್ಲಿ ಹಿಡಿದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಬಿದ್ದು ಪ್ರಾಣ ಬಿಟ್ಟರು.

ಇಂಗ್ಲಂಡದಲ್ಲಿಯೂ ಇಂತಹ ಹಾಳುಗಳುಂಟು. ಕಾರ್ಫ್ ಎಂಬ ಹಳೆಯ ಕೋಟೆಯನ್ನು ಬ್ಯಾಂಕ್ಸ್ ಮನೆತನದ ಒಡತಿಯು ಮುತ್ತಿಗೆಯಲ್ಲಿ ಕಾಪಾಡಿದ್ದಳು. 1646ರಲ್ಲಿ ಅದು ಶತ್ರುಗಳ ಕೈಸೇರಲು, ಪಾರ್ಲಿಮೆಂಟಿನ ಅಪ್ಪಣೆಯಂತೆ ಮದ್ದಿಟ್ಟು ಕೆಡವಿದರು. ಆ ಒಡತಿಯ ಹೆಸರು ಅಲ್ಲಿಯ ಮಕ್ಕಳ ಪುಸ್ತಕಗಳಲ್ಲಿಯೂ ಬರುವದು.

ಇದೆಲ್ಲವನ್ನು ನಾನು ಹೇಳಿ ಮುಗಿಸಿದಾಗ ನಮ್ಮ ಅತ್ತೆಯವರು ಹೊಂಡದ ದಂಡೆಗೆ ಕುಳಿತಿದ್ದರು. ಗಲ್ಲಿನ ಮಾತನ್ನು ಅವರು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

“ಅಲ್ಲೋ ತಮ್ಮಾ, ಆ ಅತ್ತಿ-ಸೊಸಿ ಇಬ್ಬರೇ ಹೊಳೀತನಕಾ ಹ್ಯಾಂಗ ಹೋಗಿರಬೇಕೋ? ಜೋಡಿಗೆ ಯಾರರೇ ಇದ್ದರೇನು?”

ನಾನು ಸುಮ್ಮನೆ ಉತ್ತರದ ಕಡೆಗೆ ಬೆರಳು ತೋರಿಸಿದೆನು. ಅವರು ಸೆರಗನ್ನು ಹಣೆಗೆ ಮರೆಮಾಡಿ ಬಹಳ ಹೊತ್ತು ಅತ್ತ ನೋಡಿದರು. ಬಿಸಿಲೇರತೊಡಗಿತ್ತು, ನಾವು ಕೆಳಗಿಳಿದೆವು.