ಅವ್ವನ ತವರಿನ ಹಿತ್ತಲು



ಹದಿನೈದು ದಿನದಿಂದ ದಾರೀಲಿ ಸಿಕ್ಕವರೆಲ್ಲ ಒಂದೇ ಮಾತು ಕೇಳ್ತಿದಾರೆ. "ಕೊಟ್ಟಿಗೆ ಹಿಂದೆ ಕೆಸು, ಬಸಳೆ, ಬಜೆ ಅಂತ ಏನೇನೋ ಹಾಕ್ಕೊಂಡಿದೀಯಂತಲ್ಲ, ತೋಟ ಮಾಡೋದು ಬಿಟ್ಯಾ?" ಬಿಟ್ಟಿಲ್ಲ ಮಾರಾಯ್ರೆ. ಎಲೆಚುಕ್ಕೆ ರೋಗ ನೋಡಿದ್ರೆ ಅಡಿಕೆನೇ ನಮ್ಮನ್ನ ಬಿಡೋ ಹಂಗೆ ಕಾಣ್ತಿದೆ, ಅದು ಬೇರೆ ಮಾತು. ಒಬ್ಬೊಬ್ಬರಿಗೂ ನಿಂತು ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ. ಸ್ವಲ್ಪ ಉದ್ದ ಆಗತ್ತೆ, ಬಿಡುವಾದಾಗ ಓದಿ.

ನಮ್ಮ ಅವ್ವನ ತವರು ಮುಳುಗಡೆ ಊರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಒಂದೆರಡು ವರ್ಷ ಮೊದಲೇ ಅವ್ವನ ಮನೆಯವರನ್ನ ಲಾರಿ ಹತ್ತಿಸಿ ಶಿವಮೊಗ್ಗದ ಕಡೆ ಕಾಡಲ್ಲಿ ಇಳಿಸಿದ್ರು. ಅವ್ವನಿಗೆ ಆಗ ಹನ್ನೆರಡು ವರ್ಷ. ಪಾತ್ರೆ, ದನ, ಬಾಗಿಲು ಚೌಕಟ್ಟು ಎಲ್ಲ ಲಾರಿಗೆ ತುಂಬಿದ್ರೆ, ಅಜ್ಜಿ ಮಾತ್ರ ಒಂದು ಗೋಣಿ ಕೆಸುವಿನ ಗೆಡ್ಡೆ, ಒಂದು ಸೋರೆ ಬುರುಡೆ ತುಂಬ ಬೀಜ ಮಡಿಲಲ್ಲಿ ಇಟ್ಕೊಂಡು ಕೂತಿದ್ಲಂತೆ. ಹೊಸ ಜಾಗದಲ್ಲಿ ಮನೆಗೆ ಸೂರು ಆಗೋ ಮೊದಲೇ ಕೆಸು ನೆಟ್ಲಂತೆ. ಅವ್ವ ಮದುವೆಯಾಗಿ ನಮ್ಮೂರಿಗೆ ಬಂದಾಗ ಅದೇ ಬೀಜ ಇಲ್ಲಿಗೂ ಬಂತು. ನಾನು ಹುಟ್ಟಿದಾಗಿಂದ ತಿಂದಿದ್ದು ಅದೇ ಬೀಜದ ತರಕಾರಿ. ಅಷ್ಟು ವರ್ಷ ಅದು ನನ್ನ ತಲೇಲೇ ಇರ್ಲಿಲ್ಲ.

ಈಗ ನನ್ನ ತಪ್ಪು ಹೇಳ್ತೀನಿ. 2011ರಲ್ಲಿ ಅಡಿಕೆಗೆ ಒಳ್ಳೆ ದರ ಬಂದಿತ್ತು. ಒಣಗಿಸೋಕೆ ಅಂಗಳ ಸಾಲಲ್ಲ ಅಂತ ಜೆಸಿಬಿ ತರಿಸಿ ಅವ್ವನ ಹಿತ್ತಲನ್ನ ಎರಡೂವರೆ ತಾಸಲ್ಲಿ ಮಟ್ಟ ಮಾಡಿಸಿದೆ. ಮೇಲೆ ಕಾಂಕ್ರೀಟು. ಅದೇ ವರ್ಷ ಹಳೇ ಅಟ್ಟ ಕೀಳಿಸಿದಾಗ ಆ ಬುರುಡೇನೂ ಕಸದ ಜೊತೆ ಬೆಂಕಿಗೆ ಹೋಯ್ತು. ಅವ್ವ ಬೈಲಿಲ್ಲ. ಎಂಟು ದಿನ ನನ್ನ ಹತ್ರ ಮಾತಾಡ್ಲಿಲ್ಲ, ಅಷ್ಟೇ. ಆಮೇಲೆ ಶುಕ್ರವಾರ ಶುಕ್ರವಾರ ಸಂತೆಯಿಂದ ಟೊಮೇಟೊ, ಬೀನ್ಸು, ಕೋಸು ಬರೋಕೆ ಶುರುವಾಯ್ತು. ಅವ್ವ ತಿನ್ತಿದ್ಲು, ಏನೂ ಹೇಳ್ತಿರ್ಲಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿದ್ದು ನಿಮಗೆಲ್ಲ ನೆನಪಿದೆ. ಮುಂದಿನ ಬೇಸಿಗೇಲಿ ಹಿನ್ನೀರು ಇಳೀತಾ ಹೋಯ್ತು. 1948ರ ಹಳೇ ಹಿರೇಭಾಸ್ಕರ ಅಣೆಕಟ್ಟು ಮಡೆನೂರಲ್ಲಿ ಮೇಲೆ ಕಾಣ್ತಿದೆ ಅಂತ ಜನ ಹಿಂಡು ಹಿಂಡಾಗಿ ನೋಡೋಕೆ ಹೋಗ್ತಿದ್ರು. ಅವ್ವ ಒಂದು ದಿನ ಬೆಳಿಗ್ಗೆ, "ನಂಗೆ ಡ್ಯಾಮು ಬ್ಯಾಡ, ನಮ್ಮನೆ ಕಾಣ್ತದಾ ನೋಡ್ಬೇಕು" ಅಂದ್ಲು. ಕರ್ಕೊಂಡು ಹೋದೆ. ಬಿರುಕು ಬಿಟ್ಟ ಕೆಸರು, ಕರ್ರಗಾದ ಮರದ ಬೊಡ್ಡೆಗಳು, ಅಲ್ಲೊಂದು ಇಲ್ಲೊಂದು ಜಂಬಿಟ್ಟಿಗೆ ಕಲ್ಲಿನ ಸಾಲು. ಒಂದು ಗಂಟೆ ಆ ಕಡೆ ಈ ಕಡೆ ನೋಡಿ ಒಂದು ಚಪ್ಪಡಿ ಹತ್ರ ನಿಂತ್ಲು. "ಇದು ನಮ್ಮ ಬಚ್ಚಲು ಕಲ್ಲು" ಅಂದ್ಲು. ಹೌದೋ ಅಲ್ವೋ ದೇವರಿಗೇ ಗೊತ್ತು, ನಾನು ಕೇಳೋಕೆ ಹೋಗ್ಲಿಲ್ಲ. ಅಲ್ಲಿಂದ ಕೋಲು ಊರ್ಕೊಂಡು ಹೆಜ್ಜೆ ಹಾಕ್ತಾ ಹೇಳ್ತಾ ಹೋದ್ಲು. ಬಚ್ಚಲ ನೀರು ಹೋಗೋ ಕಡೆ ಕೆಸು, ಅದರ ಪಕ್ಕ ಬಾಳೆ. ಬಾಳೆ ಬುಡದ ತಂಪಲ್ಲಿ ಒಂದೆಲಗ. ನಾಲ್ಕು ಹೆಜ್ಜೆ ದಾಟಿದ್ರೆ ಬಸಳೆ ಚಪ್ಪರ, ಆಚೆ ತೊಂಡೆ ಚಪ್ಪರ. ಹರಿವೆ ಮಡಿ ಎರಡು, ಕೆಂಪೊಂದು ಬಿಳಿಯೊಂದು. ಶುಂಠಿ, ಅರಿಶಿನ ಗೋಡೆ ಬದೀಲಿ. ಬೇಲಿ ಸಾಲಲ್ಲಿ ಆಡುಸೋಗೆ, ಲಕ್ಕಿ, ದಾಸವಾಳ. ಬಾವಿ ಹತ್ರ ಬಜೆ. ಮೂಲೇಲಿ ಮುಳ್ಳುಬದನೆ. ಹದಿನಾಲ್ಕು ಹೆಜ್ಜೆ ಉದ್ದ, ಒಂಬತ್ತು ಹೆಜ್ಜೆ ಅಗಲ. ನನ್ನ ಕಿಸೇಲಿ ಅಡಿಕೆ ಮಂಡಿ ಚೀಟಿ ಇತ್ತು, ಅದರ ಹಿಂದೆ ಬರ್ಕೊಂಡೆ. ಆ ಚೀಟಿ ಈಗ್ಲೂ ಇದೆ.

ವಾಪಸ್ ಬರೋವಾಗ ಅನ್ನಿಸ್ತು, ಇದನ್ನ ಹಂಗೇ ಮಾಡೋಣ ಅಂತ. ಕಾಂಕ್ರೀಟು ಒಡೆಯೋ ಧೈರ್ಯ ಬರ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಕೊಟ್ಟಿಗೆ ಹಿಂದಿನ ಜಾಗ ಆರಿಸಿದೆ. ಅವ್ವನ್ನೇ ನಡೆಸಿ ಹೆಜ್ಜೆ ಅಳತೆ ಹಾಕಿದೆ. ಬಚ್ಚಲ ನೀರನ್ನ ಪೈಪಲ್ಲಿ ಅಲ್ಲಿಗೆ ತಿರುಗಿಸಿದೆ. ಬೇಲಿಗೆ ಬಲೆ, ಪೈಪು ಸೇರಿ 4,200 ರೂಪಾಯಿ ಖರ್ಚು. ಮಗ ಲೆಕ್ಕ ಹಾಕಿ, "ಇಷ್ಟಕ್ಕೆ ಒಂದು ವರ್ಷದ ಸೊಪ್ಪು ಕೊಳ್ಬೋದಿತ್ತು" ಅಂದ. ಸೊಪ್ಪಿನ ಲೆಕ್ಕ ಸರಿ ಇರ್ಬೋದು.

ಈ ಮಧ್ಯೆ ನಮ್ಮೂರ ರಿಟೈರ್ಡ್ ಮೇಷ್ಟ್ರು ಬಂದು ಒಂದು ಹೊಸ ತಕರಾರು ತೆಗೆದ್ರು. ಇತಿಹಾಸ ಪಾಠ ಮಾಡ್ತಿದ್ದವರು. "ಹಳೇ ಕಾಲದ್ದು ಅಂತೀಯಲ್ಲ, ಎಷ್ಟು ಹಳೇದು? ನಿಮ್ಮ ಅಜ್ಜಿ ಕಾಲದ್ದೋ, ವಿಜಯನಗರದ ಕಾಲದ್ದೋ?" ಅಂದ್ರು. ಮೂರನೇ ಮಂಗರಸ ಅಂತ ಒಬ್ಬ ಕವಿ, 16ನೇ ಶತಮಾನದ ಶುರುವಿನವನು, ಅಡುಗೆ ಮೇಲೇ 'ಸೂಪಶಾಸ್ತ್ರ' ಅಂತ ಕನ್ನಡದಲ್ಲಿ ಪುಸ್ತಕ ಬರೆದಿದಾನೆ. ಮೇಷ್ಟ್ರು ತಂದುಕೊಟ್ರು. ಪದ್ಯ ನನ್ನ ಎಸ್ಸೆಸ್ಸೆಲ್ಸಿ ಕನ್ನಡಕ್ಕೆ ಎಟುಕಲಿಲ್ಲ, ಅವರೇ ಬಿಡಿಸಿ ಹೇಳಿದ್ರು. ಬದನೆ, ಬಾಳೆ, ಹಲಸು, ಕಳಲೆ ಎಲ್ಲ ಇದೆ. ಮೆಣಸಿನಕಾಯಿ ಇಲ್ಲ! ಇರೋದಾದ್ರೂ ಹೆಂಗೆ? ಅದು ಅಮೆರಿಕದ ಗಿಡ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ, ಅವರ ಹಡಗಲ್ಲಿ ಬಂದಿದ್ದು ಅದು. ಟೊಮೇಟೊ, ಆಲೂಗಡ್ಡೆ, ಗೇರು, ಪೇರಲೆ, ಶೇಂಗಾ ಎಲ್ಲ ಹಂಗೇ ಆಚೆಯವು.

ಹೆಸರಲ್ಲೇ ಗೊತ್ತಾಗತ್ತೆ ನೋಡಿ. ಪಪ್ಪಾಯಿಗೆ ನಾವು ಪರಂಗಿ ಅಂತೀವಿ, ಅಂದ್ರೆ ಫರಂಗಿಯವರದ್ದು. ಸೀಮೆಬದನೆ ಸೀಮೆಯಿಂದ ಬಂದಿದ್ದು. ಸಿಹಿಗುಂಬಳಕ್ಕೆ ನಮ್ಮ ಕಡೆ ಚೀನಿಕಾಯಿ ಅಂತೀವಲ್ಲ, ಅದೂ ಅಮೆರಿಕದ್ದೇ, ಚೀನಾದ ಹೆಸರು ಯಾರು ಅಂಟಿಸಿದ್ರೋ. ಮೆಣಸು ಅಂದ್ರೆ ಮೊದಲು ಬಳ್ಳಿ ಮೆಣಸೇ. ಹೊಸ ಖಾರದ ಕಾಯಿ ಬಂದಾಗ ಅದಕ್ಕೂ ಮೆಣಸಿನಕಾಯಿ ಅಂತ ಅದೇ ಹೆಸರಿಟ್ರು. ಕೊನೆಗೆ ಪಾಪ, ಹಳೇ ಮೆಣಸೇ 'ಕಾಳು' ಅಂತ ಸೇರಿಸ್ಕೊಂಡು ತಾನ್ಯಾರು ಅಂತ ಹೇಳ್ಬೇಕಾಯ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿನ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೀತಿದ್ದದ್ದು ಈ ಕಾಳುಮೆಣಸಿನ ವ್ಯಾಪಾರಕ್ಕೇ. ನಮ್ಮ ಮೆಣಸು ಕೊಳ್ಳೋಕೆ ಬಂದವರು ಮೆಣಸಿನಕಾಯಿ ಬಿಟ್ಟು ಹೋದ್ರು.

ನನಗೂ ಹುರುಪು ಬಂತು. ಒಂದು ಮಡಿ ಮಂಗರಸನ ಕಾಲದ್ದು ಅಂತಾನೇ ಮಾಡೋಣ, ಅದರಲ್ಲಿ ಆಚೆಯಿಂದ ಬಂದಿದ್ದು ಒಂದೂ ಇರಬಾರದು ಅಂತ ಬದನೆ, ಶುಂಠಿ, ಹಾಗಲ, ಪಡವಲ, ಹೀರೆ, ಹಿಪ್ಪಲಿ ಹಾಕಿದೆ. ಮೊದಲ ಬದನೆ ಬಂದ ದಿನ ನಮ್ಮನೆಯವಳಿಗೆ ಹೇಳಿ ಮೆಣಸಿನಕಾಯಿ ಇಲ್ಲದೆ ಕಾಳುಮೆಣಸು, ಶುಂಠಿ, ಹುಣಸೆಹಣ್ಣು ಹಾಕಿಸಿ ಪಲ್ಯ ಮಾಡಿಸಿದೆ. ಅವ್ವ ಒಂದು ತುತ್ತು ತಿಂದು, "ಬಾಣಂತಿ ಅಡುಗೆ ಇದ್ದಂಗಿದೆ, ಯಾರಿಗೆ ಹೆರಿಗೆ ಆಗಿದೆ ಮಾರಾಯ?" ಅಂದ್ಲು. ಎಲ್ಲ ನಕ್ಕ್ವಿ. ಆದ್ರೆ ರಾತ್ರಿ ಮಲಗಿದಾಗ ಹೊಳೀತು, ಅವ್ವ ಹೇಳಿದ್ದು ಸರಿಯಾಗೇ ಇದೆ. ಬಾಣಂತಿಗೆ ಈಗ್ಲೂ ಮೆಣಸಿನಕಾಯಿ ಕೊಡಲ್ಲ, ಕಾಳುಮೆಣಸೇ ಕೊಡೋದು. ಮೇಷ್ಟ್ರ ಹತ್ರ ಹೇಳಿದ್ರೆ, "ನಮ್ಮನೆ ಶ್ರಾದ್ಧದ ಅಡುಗೇನೂ ಅಷ್ಟೇ ಕಣಯ್ಯ, ಟೊಮೇಟೊ ಆಲೂಗಡ್ಡೆ ಒಲೆ ಹತ್ರ ಬರಂಗಿಲ್ಲ" ಅಂದ್ರು. ಐನೂರು ವರ್ಷದ ಹಿಂದಿನ ಅಡುಗೆ ಪುಸ್ತಕದಲ್ಲಿ ಹುಡುಕ್ತಿದ್ದೆ, ಅದು ಬಾಣಂತಿ ಕೋಣೇಲಿ ಇತ್ತು.

ಅವ್ವ ಆ ಶುದ್ಧದ ಮಡಿ ಒಪ್ಪಲಿಲ್ಲ. ಬೇಲಿ ಬುಡದಲ್ಲಿ ಒಂದು ಸೂಜಿಮೆಣಸಿನ ಗಿಡ ತಾನಾಗೇ ಹುಟ್ಟಿತ್ತು. ನಾನು ಕೀಳೋಕೆ ಕೈ ಹಾಕಿದ್ರೆ ಕೋಲು ಅಡ್ಡ ಇಟ್ಲು. "ಅದನ್ನ ಹಕ್ಕಿ ಹಾಕಿದ್ದು. ನಮ್ಮ ಹಿತ್ತಲಲ್ಲೂ ಇತ್ತು. ನಿಮ್ಮ ಮೇಷ್ಟ್ರ ಪುಸ್ತಕದಾಗೆ ಇಲ್ದಿದ್ರೆ ಬರೆಸ್ಕೊಳ್ಳೋಕೆ ಹೇಳು." ಗಿಡ ಉಳೀತು. ಚೀನಿಕಾಯೂ ಬಂತು. ನನ್ನ ಇತಿಹಾಸದ ಮಡಿ ಅಲ್ಲಿಗೆ ಮುಗೀತು, ಹೆಜ್ಜೆ ಅಳತೆಯ ಹಿತ್ತಲು ಉಳೀತು.

ಕೃಷಿ ಮಾಡೋರಿಗೆ ಬೇಕಾದ ಒಂದೆರಡು ಮಾತು. ಮಂಗನ ಕಾಟ ನಿಮಗೆ ಹೇಳ್ಬೇಕಾಗಿಲ್ಲ. ಮೊದಲ ವರ್ಷ ಹೀರೆ, ಪಡವಲ ನನ್ನ ಬಾಯಿಗೆ ಬಂದಿದ್ದು ಕಡಿಮೆ. ಕೆಸು, ಸುವರ್ಣಗೆಡ್ಡೆ, ಶುಂಠಿ, ಅರಿಶಿನ, ಹಾಗಲ ಮಾತ್ರ ಮಂಗ ಮುಟ್ಟಲಿಲ್ಲ. ತುರಿಸೋದು, ಕಹಿ, ಘಾಟು. ಕಾಡಿನ ಬದೀಲಿ ಇದ್ದ ಅಜ್ಜಿ ಇವನ್ನೇ ಯಾಕೆ ಜಾಸ್ತಿ ಹಾಕ್ತಿದ್ಲು ಅಂತ ಈಗ ಗೊತ್ತಾಯ್ತು. ಇನ್ನೊಂದು, ಬಚ್ಚಲ ನೀರಿಗೆ ಈಗಿನ ಸೋಪು, ಶಾಂಪೂ ಬೀಳತ್ತೆ. ನೇರ ಕೆಸುವಿಗೆ ಬಿಟ್ಟಿದ್ದೆ, ಎಲೆ ಅಂಚು ಸುಟ್ಟಂಗಾಯ್ತು. ಆಮೇಲೆ ಜಲ್ಲಿ, ಇದ್ದಿಲು, ಮರಳು ಹಾಕಿದ ಒಂದು ಗುಂಡಿ ದಾಟಿಸಿ ಬಿಟ್ಟೆ, ಈಗ ಪರವಾಗಿಲ್ಲ. ಕೆಂಪು ಹರಿವೆ, ಬಿಳಿ ಹರಿವೆ ಹತ್ತಿರ ಹತ್ತಿರ ಬೀಜಕ್ಕೆ ಬಿಡಬೇಡಿ, ಬೆರಕೆ ಆಗತ್ತೆ. ನನಗೆ ಆಗಿದೆ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಮೊಗೆಕಾಯಿ ಬೀಜ. ಅಂಗಡೀಲಿ ಸಾಂಬಾರ್ ಸೌತೆ ಅಂತ ಪ್ಯಾಕೆಟ್ ಸಿಗತ್ತೆ, ಹಾಕಿದೆ, ಬೆಳೀತು. ಅವ್ವ ನೋಡಿ, "ಇದಲ್ಲ" ಅಂದ್ಲು. ನಮ್ಮದು ಗಿಡ್ಡ, ದಪ್ಪ, ಬಾಳೆನಾರಲ್ಲಿ ಕಟ್ಟಿ ಅಟ್ಟದ ಜಂತೆಗೆ ನೇತುಹಾಕಿದ್ರೆ ಇಡೀ ಮಳೆಗಾಲ ಕೆಡ್ತಿರ್ಲಿಲ್ಲ. ಪ್ಯಾಕೆಟಿಂದು ಒಂದೂವರೆ ತಿಂಗಳಿಗೆ ನೀರು ಬಿಡ್ತು. ಕೊನೆಗೆ ಚಿಕ್ಕವ್ವನ ಮನೆಗೆ ಹೋದೆ. ಚಿಕ್ಕವ್ವ ಇನ್ನೂ ಅದೇ ಮುಳುಗಡೆಯವರ ಕೇರೀಲಿ ಇರೋದು. ಅರವತ್ತು ವರ್ಷ ಆದ್ರೂ ಆ ಜಾಗಕ್ಕೆ ಹಕ್ಕುಪತ್ರ ಬಂದಿಲ್ಲ, ನೋಟೀಸು ಮಾತ್ರ ಬರತ್ತೆ. ಅಡುಗೆಮನೆ ಗೋಡೇಲಿ, ಒಲೆ ಮೇಲೆ, ಹೊಗೆ ಹಿಡಿದು ಕರ್ರಗಾದ ಸಗಣಿ ಬೊಟ್ಟುಗಳು ಸಾಲಾಗಿ ಮೆತ್ತಿದ್ವು. ಚಾಕು ತಗೊಂಡು ಒಂದನ್ನ ಎಬ್ಬಿಸಿ ನನ್ನ ಕೈಗೆ ಹಾಕಿದ್ಲು. ಒಡೆದ್ರೆ ಒಳಗೆ ಬೀಜ. "ಇದು ನಿಮ್ಮವ್ವ ಕೊಟ್ಟಿದ್ದೇ. ನಮ್ಮದು ಒಂದು ವರ್ಷ ಹುಳ ಬಿದ್ದು ಪೂರ್ತಿ ಹೋಗಿತ್ತು. ಆಗ ನಿಮ್ಮನೆಯಿಂದ ತಂದಿದ್ದೆ" ಅಂದ್ಲು. ನನಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಬುರುಡೆ ಸುಟ್ಟ ವಿಷಯ ಅವಳಿಗೆ ಹೇಳ್ಲಿಲ್ಲ.

ಗದ್ದೆ ಕೊಯ್ಲು ಮುಗಿದಮೇಲೆ ಜನವರೀಲಿ ಹಾಕಿದೆ. ಹಣ್ಣುನೊಣಕ್ಕೆ ಮೋಹಕ ಬಲೆ ನಾಲ್ಕು ಕಟ್ಟಿದೆ, ಅಜ್ಜಿ ಕಾಲದಲ್ಲಿ ಇರ್ಲಿಲ್ಲ, ಇರ್ಲಿ. ಹನ್ನೊಂದು ಕಾಯಿ ಚೆನ್ನಾಗಿ ಬಲಿತವು. ಅವ್ವನೇ ನಾರು ಹೆಣೆದು ಕಟ್ಟಿದ್ಲು, ನಮ್ಮ ಈಗಿನ ಮನೇಲಿ ಜಂತೆ ಇಲ್ಲ, ಕಬ್ಬಿಣದ ಪೈಪಿಗೆ ನೇತುಹಾಕಿದ್ವಿ. ಮಳೆ ಶುರುವಾಗಿ ಎರಡು ತಿಂಗಳಾಯ್ತು, ಒಂದೂ ಕೆಟ್ಟಿಲ್ಲ. "ಅದೇನಾ ಅವ್ವ?" ಅಂತ ಕೇಳಿದೆ. "ಬೀಜಕ್ಕೇನು ಹೆಸರು ಬರೆದಿರ್ತದಾ? ಅದೇ ಅನ್ಸುತ್ತೆ" ಅಂದ್ಲು.

ಮೂರು ಕಾಯಿ ಬೀಜಕ್ಕೆ ಅಂತ ಇಟ್ಟಿದೀನಿ. ದೀಪಾವಳಿ ಆದಮೇಲೆ ಬೇಕಾದವರು ಬಂದು ತಗೊಂಡು ಹೋಗಿ, ದುಡ್ಡು ಬೇಡ. ಕನಿಷ್ಠ ಐದು ಮನೇಲಿ ಇರ್ಲಿ ಅಂತ ನನ್ನ ಆಸೆ.

ಚೀಟೀಲಿ ಬರೆದಿದ್ದರಲ್ಲಿ ಒಂದೇ ಬಾಕಿ, ಆ ಮೂಲೆಯ ಮುಳ್ಳುಬದನೆ. ಚಿಕ್ಕವ್ವನ ಹತ್ರಾನೂ ಇಲ್ಲ. ಉಡುಪಿ ಕಡೆಯ ಮಟ್ಟುಗುಳ್ಳ ತಂದು ತೋರಿಸಿದೆ, ಅವ್ವ ತಲೆ ಅಲ್ಲಾಡಿಸಿದ್ಲು. ಅವ್ವ ಹೇಳೋದು, ಕಾಯಿ ದುಂಡಗೆ, ನಿಂಬೆಗಿಂತ ಸ್ವಲ್ಪ ದೊಡ್ಡದು, ಹಸಿರು ಮೈಮೇಲೆ ಬಿಳಿ ಗೀರು, ತೊಟ್ಟಲ್ಲೂ ಎಲೆ ನರದಲ್ಲೂ ಮುಳ್ಳು. ಗಿಡ ಎರಡು ಮೂರು ವರ್ಷ ನಿಲ್ತಿತ್ತಂತೆ. ಮೂಲೆ ಖಾಲಿ ಬಿಟ್ಟಿದೀನಿ. ಅವ್ವನಿಗೆ ಈಗ ಎಪ್ಪತ್ತೈದು ದಾಟಿದೆ. ಮುಳುಗಡೆ ಕಡೆಯಿಂದ ಬಂದವರು ನಿಮ್ಮ ಪೈಕಿ, ನಿಮ್ಮ ನೆಂಟರ ಪೈಕಿ ಇದ್ರೆ ದಯವಿಟ್ಟು ಕೇಳಿ ನೋಡಿ. ಒಂದೇ ಕಾಯಿ ಇದ್ರೂ ಸಾಕು, ಎಷ್ಟು ದೂರ ಆದ್ರೂ ನಾನೇ ಬರ್ತೀನಿ.